ತಡೀರಿ, ನಾನೊಂದ್ಸಲ ಒತ್ತಿ ನೋಡ್ತೀನಿ

ಕೆಟ್ಟ ಲ್ಯಾಪ್‌ಟಾಪನ್ನು ಹೇಗೋ ಸಹಿಸಬಹುದು. ಅದು ಕೆಟ್ಟಿದೆ ಅಂತ ಗೊತ್ತಾದ ಕೂಡಲೇ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ಪವರ್ ಬಟನ್ ಒತ್ತಿ ಹೋಗುತ್ತಾರಲ್ಲ, ಅದಕ್ಕೆ ಭೂಮಿತಾಯಿಯ ತಾಳ್ಮೆ ಬೇಕು. ಸೋಮವಾರ ಬೆಳಗ್ಗೆ 9.30ರ ಮೀಟಿಂಗಿಗೆ ಐದು ನಿಮಿಷ ಇದೆ ಅನ್ನುವಾಗಲೇ ಪರದೆ ಕಪ್ಪಗೆ ಕೂರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮಾವನವರು ಪೇಪರ್ ಮಡಚಿಟ್ಟು ಎದ್ದು ಬರುತ್ತಾರೆ. "ಏನಂತೆ, ಆನ್ ಆಗ್ತಿಲ್ವಂತಾ? ತಡೀರಿ, ನಾನೊಂದ್ಸಲ ಒತ್ತಿ ನೋಡ್ತೀನಿ."

ನೀವು ಒತ್ತಿದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ. ಮಗಳು ಒತ್ತಿದ್ದೂ ಇಲ್ಲ. ಅವರು ಒತ್ತಬೇಕು, ಒತ್ತಿ ಪರದೆಯತ್ತ ಬಗ್ಗಿ ನೋಡಬೇಕು, "ಹೂಂ" ಅನ್ನಬೇಕು, ಅನುಮಾನ ಬಂದು ಇನ್ನೊಂದ್ಸಲ ಒತ್ತಬೇಕು. ಎಡವಟ್ಟಾಗುವುದು ಈ ಎರಡನೇ ಸಲದಲ್ಲೇ. ಎಷ್ಟೋ ಸಲ ಲ್ಯಾಪ್‌ಟಾಪ್ ಆನ್ ಆಗಿಯೇ ಇರುತ್ತದೆ, ಪರದೆ ಮಾತ್ರ ಬಂದಿರುವುದಿಲ್ಲ. ವಿಂಡೋಸ್ ಓಡುತ್ತಿರುವಾಗ ಬಟನ್ನನ್ನು ಚಿಕ್ಕದಾಗಿ ಒತ್ತಿದರೆ ಸಾಮಾನ್ಯವಾಗಿ ಅದು ನಿದ್ದೆಗೆ ಹೋಗುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ಅಂದರೆ ಮಾವನವರು ಮಲಗಿಸುತ್ತಾರೆ, ಅತ್ತೆ ಎಬ್ಬಿಸುತ್ತಾರೆ, ಟ್ಯೂಷನ್‌ನಿಂದ ಬಂದ ಮೊಮ್ಮಗ ಮತ್ತೆ ಮಲಗಿಸುತ್ತಾನೆ.

ಅದಕ್ಕೇ ಬಟನ್ನಿನ ತಂಟೆಗೆ ಹೋಗುವ ಮುಂಚೆ ಕ್ಯಾಪ್ಸ್ ಲಾಕ್ ಒತ್ತಿ. ಅದರ ಪುಟಾಣಿ ದೀಪ ಹತ್ತಿ ಆರಿದರೆ ಒಳಗೆ ಜೀವ ಇದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಪರದೆ ನೋಡಿಕೊಳ್ಳುವ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗಿ ಕೆಲವೊಮ್ಮೆ ಪರದೆ ಬಂದುಬಿಡುತ್ತದೆ. ಬರದಿದ್ದರೆ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಏನಾದರೂ ಕಂಡರೆ ಹೋಗಿರುವುದು ಪರದೆಯ ಹಿಂದಿನ ದೀಪ, ಅಂದರೆ ಬ್ಯಾಕ್‌ಲೈಟ್. ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೆ ಜೋಡಿಸಿ ಆವತ್ತಿನ ಮೀಟಿಂಗ್ ಮುಗಿಸಬಹುದು, ಅತ್ತೆಯ ಧಾರಾವಾಹಿಯ ಹೊತ್ತಲ್ಲದಿದ್ದರೆ.

ದೀಪವೇ ಇಲ್ಲ, ಫ್ಯಾನಿನ ಸದ್ದೂ ಇಲ್ಲ ಅಂದರೆ ಮೊದಲು ಗೋಡೆಯ ಕಡೆ ನೋಡಿ. ಸೋಫಾ ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚನ್ನು ಯಾರೋ ಕಾಲಿನಲ್ಲಿ ಆರಿಸಿರುತ್ತಾರೆ. ಟೈಪ್-ಸಿ ಆದರೆ ಚಾರ್ಜರ್ ಯಾರದ್ದು ಅಂತಲೂ ನೋಡಿ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ 20 ವೋಲ್ಟ್, 3.25 ಆಂಪಿಯರ್ ಬೇಕು. 5 ಅಥವಾ 9 ವೋಲ್ಟಿಗೇ ನಿಂತುಬಿಡುವ ಫೋನ್ ಚಾರ್ಜರ್ ಸಿಕ್ಕಿಸಿದರೆ ಪಿನ್ ಮಾತ್ರ ಸಲೀಸಾಗಿ ಕೂರುತ್ತದೆ, ಲ್ಯಾಪ್‌ಟಾಪ್ ಏಳುವುದಿಲ್ಲ.

ಅದೂ ಸರಿಯಿದ್ದರೆ ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲ ಕಿತ್ತು ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಬೇಕು. ಬೋರ್ಡಿನಲ್ಲಿ ಉಳಿದುಕೊಂಡ ಚಾರ್ಜ್ ಇಳಿದು, ಪವರ್ ನೋಡಿಕೊಳ್ಳುವ ಚಿಪ್ ಹೊಸದಾಗಿ ಶುರುವಾಗುತ್ತದೆ. ಆಮೇಲೆ ಚಾರ್ಜರ್ ಒಂದನ್ನೇ ಹಾಕಿ ಒಂದೇ ಸಲ ಒತ್ತಿ. ಇಷ್ಟೇ. ಆದರೆ ಹದಿನೈದನೇ ಸೆಕೆಂಡಿಗೆ ಅತ್ತೆ "ಅಷ್ಟೊಂದು ಒತ್ತಬೇಡ್ರಪ್ಪ, ಬಟನ್ ಒಳಗೇ ಹೋಗ್ಬಿಟ್ಟೀತು" ಅಂತಾರೆ. ಇಪ್ಪತ್ತೆರಡಕ್ಕೆ ಮಾವನವರು "ಬಿಡಿ, ನಾನು ಹಿಡ್ಕೋತೀನಿ" ಅಂತ ಬೆರಳು ತೂರಿಸುತ್ತಾರೆ. ಮತ್ತೆ ಒಂದರಿಂದ ಎಣಿಸಿ.

ಹಿಂದೆಲ್ಲ ಬ್ಯಾಟರಿ ಹೊರಗಿನಿಂದಲೇ ಬರುತ್ತಿತ್ತು. ತಳದ ಎರಡು ಲ್ಯಾಚ್ ಸರಿಸಿದರೆ ಕಟಕ್ ಅಂತ ಅಂಗೈಗೆ ಬಿದ್ದು ಬೆಚ್ಚಗೆ ಕೂರುತ್ತಿತ್ತು. ಅದನ್ನೊಮ್ಮೆ ತೆಗೆದು ಹಾಕಿದರೆ ಅರ್ಧ ರೋಗ ವಾಸಿಯಾಗುತ್ತಿತ್ತು, ಹಾಗೆ ಮಾಡಿದವರಿಗೆ ಮನೆಯಲ್ಲಿ ಇಂಜಿನಿಯರ್ ಅಂತ ಮರ್ಯಾದೆಯೂ ಸಿಗುತ್ತಿತ್ತು. ಲ್ಯಾಪ್‌ಟಾಪ್ ತೆಳ್ಳಗಾಗಲಿ ಅಂತ ನಾವೇ ಆಸೆಪಟ್ಟೆವು. ಆಗಿದೆ.

ಈಗ ಅಷ್ಟು ಮಾಡಲಿಕ್ಕೂ ತಳದ ಮುಚ್ಚಳ ಬಿಚ್ಚಬೇಕು. ಕೆಲವು ಸ್ಕ್ರೂ ರಬ್ಬರ್ ಪಾದದ ಕೆಳಗೆ ಅಡಗಿರುತ್ತವೆ. ಉದ್ದದ್ದೂ ಗಿಡ್ಡದ್ದೂ ಬೆರೆತುಹೋದರೆ, ಗಿಡ್ಡದರ ಜಾಗಕ್ಕೆ ಬಿಗಿದ ಉದ್ದನೆಯದು ಕೈ ಊರುವ ಜಾಗದಲ್ಲಿ ಗುಬ್ಬಿಯಂತೆ ಉಬ್ಬಿ ನಿಲ್ಲುತ್ತದೆ. ಜೋಡಿಸಿಡಲು ಇಡ್ಲಿ ತಟ್ಟೆ ತರಬೇಡಿ, ಅದರ ತೂತುಗಳಲ್ಲಿ ಸ್ಕ್ರೂ ಇಳಿದುಹೋಗುತ್ತದೆ. ಪಡ್ಡಿನ ಹಂಚು ಸರಿಯಾಗುತ್ತದೆ, ಎಣ್ಣೆ ಒರೆಸಿಕೊಂಡರೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿದೆ ಅಂತ ಅರ್ಥ. ಕೆದಕಬೇಡಿ, ಚಾರ್ಜಿಗೂ ಹಾಕಬೇಡಿ. ಇಲ್ಲದಿದ್ದರೆ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಪುಡಿ ಒರೆಸಿ. ವಾಪಸ್ ಕೂರಿಸುವಾಗ ಓರೆಯಾಗಿ ತೂರಿಸಿ ಒತ್ತಿ, ಎರಡೂ ಕಡೆಯ ಕ್ಲಿಪ್ ಕಚ್ಚಿಕೊಳ್ಳಬೇಕು. ಬೋರ್ಡಿಗೇ ಬೆಸೆದ ರ‍್ಯಾಮ್ ಆದರೆ ಈ ಭಾಗ್ಯ ಇಲ್ಲ.

ಇಲ್ಲೊಂದು ವಿಷಯ ಮನೆಯವರಿಗೆಲ್ಲ ಮೊದಲೇ ಹೇಳಿಡಿ. ರ‍್ಯಾಮ್ ಕಳಚಿ ಹಾಕಿದ ಮೇಲಿನ ಮೊದಲ ಸ್ಟಾರ್ಟ್‌ನಲ್ಲಿ ಲ್ಯಾಪ್‌ಟಾಪ್ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ, ಅದರಲ್ಲೂ ಡಿಡಿಆರ್5 ಅನ್ನುವ ಹೊಸ ಬಗೆಯ ಮೆಮೊರಿ ಆದರೆ ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು. ಆ ಹೊತ್ತಲ್ಲಿ ಯಾವ ಹೆಬ್ಬೆರಳೂ ಹತ್ತಿರ ಸುಳಿಯಬಾರದು. ಮಾವನವರನ್ನು ಹಾಲು ತರಲು ಕಳಿಸಿ. ವಿಂಡೋಸ್ ಬರುತ್ತಿರುವಾಗ ಅರ್ಧದಲ್ಲೇ ಆರಿಸಿ ಆರಿಸಿ ಹಾಕಿದರೆ ಅದು ತನಗೇ ಏನೋ ಆಗಿದೆ ಅಂದುಕೊಂಡು ರಿಪೇರಿ ಪರದೆಗೆ ಹೋಗುತ್ತದೆ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ಕೀ ಕೇಳಬಹುದು. ಸ್ವಂತದ್ದಾದರೆ ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ, ಆಫೀಸಿನದಾದರೆ ಐಟಿಯವರ ಹತ್ತಿರ. ಆಫೀಸಿನದ್ದನ್ನು ಪಡ್ಡಿನ ಹಂಚಿನ ತನಕ ತರಲೇಬೇಡಿ.

ಇಷ್ಟಾದರೂ ಏಳದಿದ್ದರೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್. ಕಾರು ಬೇಡ, ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ ನಡೆಯಿರಿ. ಫೈಲುಗಳೆಲ್ಲ ಇರುವ, ಒಂದೇ ಸ್ಕ್ರೂನಲ್ಲಿ ನಿಂತಿರುವ ಎಂ.2 ಎಸ್‌ಎಸ್‌ಡಿಯನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋದರೆ ಫೋಟೋ, ಟ್ಯಾಕ್ಸ್ ಕಾಗದ ಎಲ್ಲ ಕ್ಷೇಮ. ಚಾರ್ಜರ್ ಮಾತ್ರ ಮರೆಯದೆ ಒಯ್ಯಿರಿ. ಅದಿಲ್ಲದೆ ಹೋದರೆ ಅಂಗಡಿಯ ಹುಡುಗ ತನ್ನದೊಂದನ್ನು ಹಾಕಿ ನೋಡುತ್ತಾನೆ, ಲ್ಯಾಪ್‌ಟಾಪ್ ಠೀವಿಯಿಂದ ಆನ್ ಆಗುತ್ತದೆ. ಕೆಟ್ಟಿರುವ ಚಾರ್ಜರ್ ಮನೆಯಲ್ಲಿ, ಸೋಫಾ ಹಿಂದೆ.