ಆರ್‌ಎಕ್ಸ್ ಹಂಡ್ರೆಡ್ಡೂ ಅತ್ತೆಯ ಸೀರೆ ಗಾರ್ಡೂ

ಚಿಕ್ಕಮಗಳೂರಿನ ನಮ್ಮ ಆಲ್ದೂರು ಕಡೆ ನೆಟ್ಟಗಿರುವ ರಸ್ತೆ ಹುಡುಕಿದರೂ ಸಿಗುವುದಿಲ್ಲ. ಕಡೂರು, ಬೀರೂರಿನ ಬಯಲಿಗೆ ಇಳಿದರೆ ಬೇರೆ ಮಾತು. ಇಲ್ಲಿ ರಸ್ತೆ ಅಂದರೆ ಒಂದು ತಿರುವು, ಅದಾದ ಮೇಲೆ ಇನ್ನೊಂದು ತಿರುವು, ನಡುವೆ ಒಂದು ಹಸು. ಇಂಥ ಊರಲ್ಲಿ ಕೂತು ನನ್ನ ಮೈದುನ ಬರೀ ನೆಟ್ಟಗೆ ಓಡುವ ಬೈಕ್ ಕಟ್ಟಲು ಹೊರಟ. ಡ್ರ್ಯಾಗ್ ರೇಸ್ ಅಂತೆ. ಕಾಲು ಮೈಲಿ, ಅಂದರೆ 402 ಮೀಟರ್. ಹಸಿರು ದೀಪ ಹತ್ತಿದ ಕೂಡಲೇ ಬಿಡೋದು, ಗೆರೆ ದಾಟೋದು, ನಿಲ್ಲಿಸೋದು.

“ಅಷ್ಟೇನಾ?” ಅಂದೆ.

“ಅಷ್ಟೇ ಅತ್ತಿಗೆ.”

“ಅದಕ್ಕಿಂತ ದೂರ ನಾನು ದಿನಾ ಡೇರಿಗೆ ಹಾಲು ಹಾಕೋಕೆ ನಡೀತೀನಿ ಮಾರಾಯ.”

ರ‍್ಯಾಲಿ ಅಂದಿದ್ದರೆ ಅರ್ಥ ಆಗುತ್ತಿತ್ತು. ನಮ್ಮ ಜಿಲ್ಲೆಯ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ರಾಷ್ಟ್ರಮಟ್ಟದ ಕಾರು ರ‍್ಯಾಲಿಗಳೇ ನಡೆದಿವೆ. ಧೂಳು ಕುಡಿಯಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಇವನಿಗೆ ಮಾತ್ರ ಊರಲ್ಲಿ ಇಲ್ಲದ್ದೇ ಬೇಕು.

ಬೈಕು ಮಾವನದು. 1991ರ ಆರ್‌ಎಕ್ಸ್ 100. ಯಮಹಾದ ಈ ಗಾಡಿ ನಮ್ಮ ದೇಶದಲ್ಲಿ 1985ರಲ್ಲಿ ಶುರುವಾಗಿ 1996ರಲ್ಲಿ ನಿಂತಿತು. 98 ಸಿಸಿ, 11 ಕುದುರೆ ಶಕ್ತಿ, ತೂಕ ನೂರು ಕೆ.ಜಿ. ಆಸುಪಾಸು. ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ನಮ್ಮನೆಯಲ್ಲಿ ಊಟಕ್ಕೆ ಕೂತರೆ ಪಲ್ಯಕ್ಕಿಂತ ಮೊದಲು ಬಡಿಸುವುದು ಇದನ್ನೇ. ಆಗ ಮಾವನ ಅಣ್ಣ, “ತಗೊಂಡ್ರೆ ಮೈಸೂರಿನ ಎಜ್ಡಿ ತಗೋ, ಕಿಕ್ಕರ್ರೂ ಗೇರೂ ಒಂದೇ ಕಡ್ಡೀಲಿ ಮುಗೀತದೆ” ಅಂತ ಹಟ ಹಿಡಿದಿದ್ದರಂತೆ. ಮಾವ ಕೇಳಲಿಲ್ಲ. ಯಮಹಾ ತಂದು, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಹೊರನಾಡಿಗೆ ಹೋಗಿ ಬಂದರು. ಆ ಪ್ರಯಾಣದ ಬಗ್ಗೆ ಅತ್ತೆ ಇವತ್ತಿಗೂ ಹೇಳುವುದು ಒಂದೇ ಮಾತು: “ದೇವರು ದೊಡ್ಡವನು.”

ಬಿಚ್ಚುವಾಗ ಮೈದುನನ ಉತ್ಸಾಹ ನೋಡಬೇಕಿತ್ತು. ನಟ್ಟು ಬೋಲ್ಟೆಲ್ಲ ನನ್ನ ಸಾಸಿವೆ, ಗಸಗಸೆ ಡಬ್ಬಿ ಸೇರಿದವು. ಪಿಸ್ಟನ್ ಪಿನ್ನಿಗೆ ಎರಡೂ ಬದಿ ಒಂದೊಂದು ಲಾಕ್ ಇರುತ್ತದೆ. ಬಾಗಿಸಿದ ತಂತಿಯ ಚೂರು, ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ನೋಸ್ ಪ್ಲೈಯರ್ ತುದಿಯಿಂದ ಅದು ಜಾರಿತು. ಟಿಂಗ್ ಅಂತ ಒಂದು ಸದ್ದು. ಆಮೇಲೆ ಮನೆಮಂದಿಯೆಲ್ಲ ಮಂಡಿಯೂರಿ ಹುಡುಕಿದ್ದೇ ಹುಡುಕಿದ್ದು. ಸೋಫಾ ಸರಿಸಿದೆವು, ನಾಯಿಯನ್ನು ಎಬ್ಬಿಸಿದೆವು. ಕೊನೆಗೆ ಸಿಕ್ಕಿದ್ದು ಮಿಡಿ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ. ಮೈದುನ ಅದನ್ನು ಬೆಳಕಿಗೆ ಹಿಡಿದು ನೋಡಿ, ಕಿಟಕಿಯಿಂದ ಆಚೆ ಎಸೆದ.

“ಎಂತ ಮಾಡಿದ್ಯೋ!”

“ಹಳೇ ಲಾಕ್ ಮತ್ತೆ ಹಾಕಬಾರದು ಅತ್ತಿಗೆ. ಎಂಜಿನ್ ಒಳಗೆ ಬಿದ್ದಿಲ್ಲ ಅಂತ ಖಾತ್ರಿ ಆಗ್ಬೇಕಿತ್ತು, ಅಷ್ಟೇ.”

ಬೇರಿಂಗಿನ ಪ್ರಕರಣ ಇದಕ್ಕಿಂತ ಘನವಾದದ್ದು. ಹೊಸ ಬೇರಿಂಗುಗಳನ್ನು ಪ್ಲಾಸ್ಟಿಕ್ಕಲ್ಲಿ ಸುತ್ತಿ ನನ್ನ ಫ್ರೀಜರಿನಲ್ಲಿ ಇಟ್ಟಿದ್ದ. ಮಗಳು ಐಸ್‌ಕ್ರೀಮ್ ಅಂತ ಬಿಚ್ಚಿ, ಅದನ್ನು ನೋಡಿ, ಚಿಕ್ಕಪ್ಪನ ಮೇಲೆ ಇಟ್ಟಿದ್ದ ನಂಬಿಕೆಯನ್ನೇ ಕಳೆದುಕೊಂಡಳು. ಅದೇ ಹೊತ್ತಿಗೆ ನಾನು ಕೇಕ್ ಮಾಡುವ ಓವನ್ನಿನಲ್ಲಿ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಬೇಯುತ್ತಿತ್ತು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ, ಬೇರಿಂಗ್ ಚಳಿಗೆ ಕುಗ್ಗುತ್ತದೆ, ಸುತ್ತಿಗೆ ಮುಟ್ಟದೆ ಒಂದರೊಳಗೆ ಒಂದು ಕೂರುತ್ತದೆ ಅಂತ ಅವನ ಲೆಕ್ಕ. ನಿಜ ಹೇಳಬೇಕು, ಟಕ್ ಅಂತ ಕೂತೇ ಬಿಟ್ಟಿತು. ಅಷ್ಟು ಸಲೀಸಾಗಿ ನಮ್ಮನೆಯಲ್ಲಿ ಕಪಾಟಿನ ಬಾಗಿಲೂ ಹಾಕಿಕೊಳ್ಳುವುದಿಲ್ಲ. ಆದರೆ ಆಮೇಲೆ ಮಾಡಿದ ಕ್ಯಾರೆಟ್ ಕೇಕಿಗೆ ಪೆಟ್ರೋಲ್ ಬಂಕಿನ ಘಮ. ಮಾವ ಎರಡು ಪೀಸ್ ತಿಂದು, “ಹಳೇ ದಿನ ನೆನಪಾಯ್ತು” ಅಂದರು.

ಬಿಡಿಭಾಗದ ಕಥೆ ಬೇಡ. ಬೆಂಗಳೂರಿನಿಂದ ಬಂದದ್ದೆಲ್ಲ “ಒರಿಜಿನಲ್ ಸಾರ್”, ಹಾಕಿ ನೋಡಿದರೆ ಬೇರೆ ಯಾವುದೋ ಗಾಡಿಯದು. ಮುಂದೆ ಹೋಗೋಣ.

ಟು ಸ್ಟ್ರೋಕ್ ಎಂಜಿನ್ನಿಗೆ ನಾವು ಕಾರಿನಲ್ಲಿ ಕಾಣುವ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳು, ಪಿಸ್ಟನ್ನೇ ಏರಿಳಿದು ಅವನ್ನು ತೆರೆದು ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯನ್ನು ಕೂದಲೆಳೆಯಷ್ಟು ಮೇಲಕ್ಕೆ ಅರೆದರೂ ಸಾಕು, ಶಕ್ತಿಯೆಲ್ಲ ಮೇಲಿನ ಆರ್‌ಪಿಎಮ್‌ಗೆ ಹೋಗಿ ಕೂರುತ್ತದೆ. ಕೆಳಗೆ ಎಳೆಯುವುದೇ ಇಲ್ಲ. ಯಾವ ಕಿಂಡಿ ಎಷ್ಟು ಡಿಗ್ರಿಗೆ ತೆರೆಯುತ್ತದೆ ಅಂತ ಅಳೆಯಲು ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಬಂತು. ಅದು 180ಕ್ಕೇ ನಿಲ್ಲುತ್ತದೆ, ಕ್ರ್ಯಾಂಕ್ 360 ಸುತ್ತುತ್ತದೆ. ಹಾಗಾಗಿ ಪಕ್ಕದ ಮನೆ ಹುಡುಗನ ಕೋನಮಾಪಕವೂ ಬಂತು. ಎರಡನ್ನೂ ಫೆವಿಕ್ವಿಕ್ ಹಾಕಿ ಅಂಟಿಸಿದ. ಮರುದಿನ ಇಬ್ಬರಿಗೂ ಗಣಿತ ಪರೀಕ್ಷೆ.

ಇನ್ನು ಸೈಲೆನ್ಸರ್. ರೇಸಿಗೆ ಹಾಕುವುದು ಛೇಂಬರ್. ಮೊದಲು ಸಣ್ಣ, ನಡುವೆ ಹೊಟ್ಟೆ, ಕೊನೆಗೆ ಮತ್ತೆ ಸಣ್ಣ. ಸಿಲಿಂಡರಿಗೆ ಬಂದ ಪೆಟ್ರೋಲ್ ಗಾಳಿಯಲ್ಲಿ ಸ್ವಲ್ಪ ಭಾಗ ಉರಿಯದೆಯೇ ಹೊಗೆಯ ಜೊತೆ ಹೊರಟುಬಿಡುತ್ತದಂತೆ. ಹೊಟ್ಟೆಯ ಆಚೆ ಗೋಡೆಗೆ ಬಡಿದು ಹಿಂತಿರುಗುವ ಒತ್ತಡದ ಅಲೆ ಅದನ್ನು ಮತ್ತೆ ಒಳಗೆ ದಬ್ಬುತ್ತದೆ. ಊಟ ಮಾಡದೆ ಹೊರಟ ನೆಂಟನನ್ನು ಛತ್ರದ ಬಾಗಿಲಲ್ಲೇ ಹಿಡಿದು ಪಂಕ್ತಿಗೆ ವಾಪಸ್ ತಳ್ಳುವ ಕೆಲಸ ಅದು. ವಿಜ್ಞಾನ ಚೆನ್ನಾಗಿದೆ. ಸದ್ದು ಮಾತ್ರ ಚೆನ್ನಾಗಿಲ್ಲ. ಕಣದಲ್ಲಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹರಡಿದ್ದ ಕಾಫಿ ಬಿಟ್ಟು ಉಳಿದದ್ದೆಲ್ಲ ಓಡಿತು.

ಎಣ್ಣೆಯದೂ ಒಂದು ರಾಮಾಯಣ. ಎಣ್ಣೆ ಪಂಪ್ ಕಿತ್ತುಹಾಕಿ, ಪೆಟ್ರೋಲಿಗೇ 2ಟಿ ಎಣ್ಣೆ ಬೆರೆಸಿದ. ಅಳತೆಗೆ ಮಗಳ ಕೆಮ್ಮಿನ ಸಿರಪ್ಪಿನ ಮುಚ್ಚಳ. ರೇಸಿನ ಎಂಜಿನ್ನಿಗೆ ಹಿಂದಿನಿಂದಲೂ ಹರಳೆಣ್ಣೆಯಿಂದ ಮಾಡಿದ ಎಣ್ಣೆ ಹಾಕುತ್ತಾರೆ ಅಂತ ಊಟದ ಹೊತ್ತಲ್ಲಿ ಬಾಯಿ ಬಿಟ್ಟ. ಅವತ್ತಿನಿಂದ ಅತ್ತೆ ತಮ್ಮ ಹರಳೆಣ್ಣೆ ಸೀಸೆಯನ್ನು ಒಡವೆ ಪೆಟ್ಟಿಗೆಯ ಪಕ್ಕ ಇಟ್ಟು ಬೀಗ ಹಾಕಿದರು.

ತೂಕ ಇಳಿಸುವುದು ಕೊನೆಯ ಘಟ್ಟ. ಇಂಡಿಕೇಟರ್ ಹೋಯಿತು, ಮುಂದಿನ ಮಡ್‌ಗಾರ್ಡ್ ಹೋಯಿತು, ಸೀರೆ ಗಾರ್ಡ್ ಹೋಯಿತು. ಅತ್ತೆಗೆ ಸಿಟ್ಟು ಬಂದದ್ದು ಇಲ್ಲಿ. “ಹೊರನಾಡಿಗೆ ಹೋದಾಗ ನನ್ನ ಜೀವ ಉಳಿಸಿದ್ದು ಅದು” ಅಂತ ಎತ್ತಿಕೊಂಡು ಹೋದವರು ಹಿತ್ತಲಲ್ಲಿ ಬಸಳೆ ಬಳ್ಳಿಗೆ ನೆಟ್ಟರು. ಇಷ್ಟಾದರೂ ಸಾಲದೆ ಮೈದುನ ತಾನೂ ಪಥ್ಯ ಶುರು ಮಾಡಿದ. ಕಡುಬು ಬೇಡ, ಅಕ್ಕಿರೊಟ್ಟಿ ಅರ್ಧ ಸಾಕು. ದಿನಾ ಬೆಳಗ್ಗೆ ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ನಿಲ್ಲುವುದು. ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಅಭ್ಯಾಸಬಲದಿಂದ ಅವನ ತೂಕವನ್ನೂ ಪುಸ್ತಕದಲ್ಲಿ ಬರೆದರು, ಚೆರ್ರಿ ಕಾಫಿಯ ಲೆಕ್ಕಕ್ಕೆ.

ಓಡಿಸಿ ನೋಡಲು ನೆಟ್ಟಗಿನ ಜಾಗ ಬೇಕಲ್ಲ. ಕಡೂರು ಕಡೆ ಅವನ ಗೆಳೆಯನದೊಂದು ಲೇಔಟ್ ಇತ್ತು. ಗೇಟಿದೆ, ರಸ್ತೆಯಿದೆ, ಮನೆಗಳು ಇನ್ನೂ ಬಂದಿಲ್ಲ. ಅಲ್ಲಿ 402 ಮೀಟರ್ ಅಳೆಯುವಾಗ ಟೇಪಿನ ಒಂದು ತುದಿ ಹಿಡಿಯುವ ಭಾಗ್ಯ ನನ್ನದು. ನಾನು ತುದಿ ಹಿಡಿದು ನಿಂತದ್ದೇ ತಡ, ಬೇಲಿಯಾಚೆ ಜನ ಸೇರಿದರು.

“ಮೇಡಂ, ಹೈವೇ ಬರ್ತೈತಾ?”

ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬರು, “ತೆಂಗಿನ ಮರಕ್ಕೆ ಬೇರೆ ಪರಿಹಾರ ಕೊಡ್ತಾರಲ್ವಾ?” ಅಂದರು. ಒಬ್ಬ ಅಜ್ಜ ಮನೆಗೆ ಹೋಗಿ ಪಹಣಿಯ ಜೆರಾಕ್ಸ್ ತಂದೇ ಬಿಟ್ಟರು. ಎಳನೀರು ಬಂತು. ಬೇಡ ಅನ್ನಲು ಮನಸ್ಸಾಗಲಿಲ್ಲ, ಬಿಸಿಲೂ ಜೋರಿತ್ತು. ಅಷ್ಟರಲ್ಲಿ ಮೈದುನ ಕಿಕ್ ಹೊಡೆದ. ಗಾಡಿ ಮೊದಲು ಕೆಮ್ಮಿತು, ಗೊಣಗಿತು, ಇದ್ದಕ್ಕಿದ್ದಂತೆ ಕಿರುಚಿಕೊಂಡು ಮುಂದಿನ ಚಕ್ರ ಎತ್ತಿ ಹಾರಿತು. ನೀಲಿ ಹೊಗೆ ಕರಗಿದಾಗ ಅಜ್ಜ ಪಹಣಿಯನ್ನು ಮಡಿಸಿ ಜೇಬಿಗೆ ಇಡುತ್ತಿದ್ದರು. ಎಳನೀರಿನ ದುಡ್ಡು ಕೇಳಲಿಲ್ಲ, ಅದೇ ದೊಡ್ಡತನ.

ರೇಸ್ ಇದ್ದದ್ದು ಕರಾವಳಿಯಲ್ಲಿ. ಪಿಕಪ್ ಗಾಡಿಯಲ್ಲಿ ಬೈಕ್ ಹಾಕಿ, ಹಿಂದೆ ಕಾರಿನಲ್ಲಿ ನಾವೆಲ್ಲ ಚಾರ್ಮಾಡಿ ಘಾಟಿ ಇಳಿದೆವು. ಹೊರಡುವ ಮೊದಲೇ ಮಾವ ಒಂದು ಮಾತು ಹೇಳಿದ್ದರು: “ಕೆಳಗೆ ಗಾಳಿ ದಪ್ಪ ಮಾರಾಯ, ಪೆಟ್ರೋಲ್ ಬಿಡೋ ಜೆಟ್ ದೊಡ್ಡದು ಹಾಕು.” ಚಿಕ್ಕಮಗಳೂರು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್ ಎತ್ತರದಲ್ಲಿದೆ, ಗಾಳಿ ಅಲ್ಲಿಗಿಂತ ಹತ್ತನೇ ಒಂದು ಪಾಲು ತೆಳು. ಇಲ್ಲಿ ಸರಿಯಾಗಿ ಕೂಡಿಸಿದ ಕಾರ್ಬೊರೇಟರ್ ಕೆಳಗೆ ಹೋದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಮೈದುನ ಪ್ಲಗ್ ಬಿಚ್ಚಿ ತೋರಿಸಿದ. ಕಾಫಿ ಕಂದು ಬಣ್ಣ, ಮೆಕ್ಯಾನಿಕ್‌ಗಳು ಮೆಚ್ಚುವ ಬಣ್ಣ. “ಪರ್ಫೆಕ್ಟ್ ಅಪ್ಪ” ಅಂದ. ಪ್ಲಗ್ ಆಲ್ದೂರಿನದು ಅಂತ ಯಾರೂ ನೆನಪಿಸಲಿಲ್ಲ.

ಮೊದಲ ಓಟವನ್ನು ನಾನು ನೋಡಲಿಲ್ಲ. ಫ್ಲಾಸ್ಕಿನ ಮುಚ್ಚಳ ಬಿಗಿಯಾಗಿತ್ತು. ತಿರುಗಿಸಿ ತೆಗೆದು ತಲೆ ಎತ್ತುವಷ್ಟರಲ್ಲಿ ಮುಗಿದಿತ್ತು. ಗೆದ್ದನಂತೆ. ಎರಡನೇ ಓಟಕ್ಕೆ ಫ್ಲಾಸ್ಕ್ ಮುಟ್ಟದೆ ಕೂತೆ. ಅರ್ಧ ದಾರಿಯಲ್ಲಿ ಸದ್ದು ಕಟ್ ಆಯಿತು, ಹಿಂದಿನ ಚಕ್ರ ಕಪ್ಪು ಗೆರೆ ಎಳೆಯಿತು, ಮೈದುನ ಕ್ಲಚ್ ಹಿಡಿದು ಹೇಗೋ ನಿಲ್ಲಿಸಿದ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಮಾವ ಏನೂ ಅನ್ನಲಿಲ್ಲ. ಕೆಲವರು ಸುಮ್ಮನಿದ್ದರೇ ಜಾಸ್ತಿ ಕೇಳಿಸುತ್ತದೆ.

ವಾಪಸ್ ಬರುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದೆವು. ಪಥ್ಯ ಅಲ್ಲಿಗೆ ಮುಗಿಯಿತು. ಅವನು ತಿಂದ ದೋಸೆ ನೋಡಿ ಹೋಟೆಲಿನವರೇ ಇನ್ನೊಂದು ಹೆಂಚು ಇಟ್ಟರು. ಆಗ ಒಬ್ಬ ಹುಡುಗ ಪಿಕಪ್ ಸುತ್ತ ಒಂದು ಸುತ್ತು ಹೊಡೆದು ಒಳಗೆ ಬಂದ. ಆರ್‌ಎಕ್ಸ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಪ್ರಶ್ನೆ, ಪೆಟ್ರೋಲ್ ಬಂಕಿನಲ್ಲಿ, ದೇವಸ್ಥಾನದ ಬಾಗಿಲಲ್ಲಿ, ಸಾವಿನ ಮನೆಯ ಮುಂದೂ ಕೇಳುವ ಪ್ರಶ್ನೆ. ಮಡ್‌ಗಾರ್ಡ್ ಇಲ್ಲದ, ಎಂಜಿನ್ ಜಾಮ್ ಆದ ಗಾಡಿಗೂ ಅದೇ.

“ಅಂಕಲ್, ಗಾಡಿ ಮಾರ್ತೀರಾ? ಹಾಗೇ ತಗೋತೀನಿ, ರೇಟ್ ಹೇಳಿ.”

ಮಾವ ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು, ದೋಸೆ ಮುಂದೆ ಕೂತಿದ್ದ ಮಗನನ್ನು ನೋಡಿದರು.

“ಗಾಡಿ ಕೊಡೋದಿಲ್ಲ. ಬೇಕಿದ್ರೆ ಇವನನ್ನ ಕರ್ಕೊಂಡು ಹೋಗು, ರೇಟ್ ನೀನೇ ಹೇಳು.”