ಚಿಲ್ಲರೆಯಾದ ದೊರೆ

ಗೆಳೆಯನಿಗೆ ನಾಣ್ಯದ ಹುಚ್ಚು. ಮೊನ್ನೆ ಅವನ ಮನೆಗೆ ಹೋದರೆ ಕಾಫಿಗಿಂತ ಮೊದಲು ಆಲ್ಬಮ್ ಬಂತು. "ಅಂಚು ಮಾತ್ರ ಹಿಡ್ಕೋ, ಮುಖ ಮುಟ್ಟಬೇಡ" ಎನ್ನುತ್ತಾ ಐದು ಮಾರ್ಕಿನ ಬೆಳ್ಳಿ ನಾಣ್ಯವೊಂದನ್ನು ಕೈಗಿಟ್ಟ. ಹತ್ತಿರ ಹತ್ತಿರ ಎರಡೂವರೆ ತೊಲ ತೂಕ. ಮೇಲೆ ಜರ್ಮನಿಯ ಸ್ಯಾಕ್ಸನಿಯ ದೊರೆ ಆಲ್ಬರ್ಟ್, ಪೊದೆಯಂಥ ಗಡ್ಡಮೀಸೆ. ಕತ್ತಿನ ಕೆಳಗೆ ಪುಟ್ಟ ನಕ್ಷತ್ರ, 23.4.1828. ಪಕ್ಕದಲ್ಲಿ ಪುಟ್ಟ ಶಿಲುಬೆ, 19.6.1902.

ಅರೆ, ಇದು ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿ ಜಾಹೀರಾತೇ! ಫೋಟೋ, ಜನನ, ಮರಣ ಎಲ್ಲ ಇದೆ, 'ದುಃಖತಪ್ತ ಕುಟುಂಬ ವರ್ಗ' ಒಂದು ಬಾಕಿ. ಆದರೆ ಪತ್ರಿಕೆಯ ಶ್ರದ್ಧಾಂಜಲಿ ಮರುದಿನ ಬೋಂಡಾ ಕಟ್ಟಲು ಹೋಗುತ್ತದೆ. ಇದನ್ನು ಕೊಟ್ಟರೆ ಬೋಂಡಾವನ್ನೇ ಕೊಳ್ಳಬಹುದಿತ್ತು, ಅಲ್ಲಿ ಬೋಂಡಾ ಸಿಗುವುದಾದರೆ.

ಚಾಳಿ ಹಳೆಯದು. 17ನೇ ಶತಮಾನದ ಜರ್ಮನ್ ಸಂಸ್ಥಾನಗಳಲ್ಲೂ ದೊರೆ ಸತ್ತರೆ 'ಸಾವಿನ ಟಾಲರ್' ಹೊರಡುತ್ತಿತ್ತು; ಟಾಲರ್ ಅಂದರೆ ಆ ಕಾಲದ ದೊಡ್ಡ ಬೆಳ್ಳಿ ನಾಣ್ಯ. ಕೆಲವದರ ಹಿಂಬದಿಯಲ್ಲಿ ಚಿತ್ರವೇ ಇಲ್ಲ, ಬರೀ ಲ್ಯಾಟಿನ್ ಬರಹ: ಹುಟ್ಟಿದ್ದು ಎಂದು, ಪಟ್ಟವೇರಿದ್ದು ಎಂದು, ಬದುಕಿದ್ದು ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ. ಪಂಚಾಂಗ ಬಿಡಿಸಿಕೊಂಡು ಕೂತು ಅತ್ತ ಹಾಗೆ.

ಆಲ್ಬರ್ಟನ ತಮ್ಮ ಜಾರ್ಜ್ 69ನೇ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ, 1904ರ ಅಕ್ಟೋಬರಿನಲ್ಲಿ ಹೋದ. ಎರಡೂವರೆ ವರ್ಷ ತುಂಬುವುದರೊಳಗೆ ಟಂಕಸಾಲೆಗೆ ಎರಡನೇ ಸೂತಕ. ಮತ್ತೆ ನಕ್ಷತ್ರ, ಮತ್ತೆ ಶಿಲುಬೆ.

ನನ್ನನ್ನು ಕಾಡಿದ್ದು ಮಾತ್ರ ಇನ್ನೊಬ್ಬ ಜಾರ್ಜ್, ಮೈನಿಂಗೆನ್ ಎಂಬ ಪುಟ್ಟ ಜರ್ಮನ್ ಸಂಸ್ಥಾನದವನು. ನಾಟಕದ ಹುಚ್ಚಿನ ಈ ಡ್ಯೂಕ್ ತೀರಿಕೊಂಡದ್ದು 1914ರ ಜೂನ್ 25ರಂದು. ಮೂರೇ ದಿನಕ್ಕೆ ಸರಯೇವೊದಲ್ಲಿ ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ ಗುಂಡು ಹಾರಿತು. ಅವನ ಸ್ಮರಣೆಯ ನಾಣ್ಯ ಬರುವಷ್ಟರಲ್ಲಿ 1915, ಮಹಾಯುದ್ಧದ ನಡುಮಧ್ಯ. 88 ವರ್ಷ ತುಂಬುಬಾಳು ಬಾಳಿದ ಮುದುಕನ ಸಾವನ್ನು, ಇಪ್ಪತ್ತರ ಮಗನನ್ನು ಕಳಕೊಂಡ ತಾಯಿ ಸೆರಗಿನ ಗಂಟಿಗೋ, ಅಲ್ಲಿನವರಂತೆ ಜೇಬಿಗೋ ಹಾಕಿಕೊಂಡು ಬ್ರೆಡ್ಡಿಗೆ ಹೋಗಿರಬೇಕು.

ನಾವೂ ಕಡಿಮೆಯೇನಲ್ಲ. ನೆಹರೂ ತೀರಿಕೊಂಡ 1964ರಲ್ಲೇ ಅವರ ಮುಖದ ಒಂದು ರೂಪಾಯಿ, ಐವತ್ತು ಪೈಸೆ ಬಂದವು, 1889–1964 ಎಂದು ಬರೆಸಿಕೊಂಡು. ಆ ಐವತ್ತು ಪೈಸೆ ಕೊಟ್ಟು ನಾನು ಪೆಪ್ಪರ್‌ಮೆಂಟು ತಿಂದಿದ್ದೇನೆ. ಶೆಟ್ಟರ ಅಂಗಡಿಯಲ್ಲಿ ಯಾರೂ ಒಂದು ನಿಮಿಷ ಮೌನ ಆಚರಿಸಲಿಲ್ಲ.

ಆಲ್ಬಮ್ಮಿನಲ್ಲಿ ಸ್ಯಾಕ್ಸನಿಯ ಜಾರ್ಜನ ಪಕ್ಕದ ಕಿಸೆ ಖಾಲಿಯಿತ್ತು.

"ಇದು?"

"ಅವನ ಮಗ ಫ್ರೀಡ್ರಿಶ್ ಆಗಸ್ಟನದು. 1918ರಲ್ಲಿ ಪಟ್ಟ ಹೋಯ್ತು, 1932ರಲ್ಲಿ ಸತ್ತ. ರಾಜ್ಯವೇ ಇಲ್ಲ ಅಂದ್ಮೇಲೆ ನಾಣ್ಯ ಯಾರು ಹೊಡೀತಾರೆ?"

"ಮತ್ತೆ ಜಾಗ ಯಾಕೆ ಬಿಟ್ಟಿದ್ದೀಯ?"

"ಇರ್ಲಿ ಬಿಡೋ, ಪಾಪ" ಎಂದವನೇ ಕಾಫಿ ತರಲು ಎದ್ದ.