ವಿಮಾನದ ಕೆಲಸ ಬಿಟ್ಟು ಆಲೆಮನೆಗೆ ಹೋಗು ಎಂದರಲ್ಲ, ನಟ್ಟು ಎಷ್ಟು ಬಿಗಿಯಾಯಿತೆಂದು ಅಳೆಯುವ ಟಾರ್ಕ್ ವ್ರೆಂಚ್ ಎಲ್ಲಿದೆ ಸ್ವಾಮಿ?

ಮುದ್ದೆಯನ್ನು ಉಪ್ಪುಸಾರಿಗೆ ಅದ್ದಿದಾಗ ಬೆರಳಿನ ಗೆಣ್ಣು ಚುರ್ ಎಂದಿತು. ತಟ್ಟೆ ಬಿಟ್ಟು ಎದ್ದೆ. ಅಮ್ಮ ಏನಾಯಿತು ಎಂದು ಕೇಳಿದರೆ ಏನೆಂದು ಹೇಳಲಿ? ಒಂದು ಡಬ್ಬಿ ಬಿಚ್ಚಲಾಗಲಿಲ್ಲ ಎಂದೇ?

ಡಬ್ಬಿಯೇ ಸರಿ. ಕಾರುಗಳಿಗೆ ಇರುವಂಥದೇ ಎಣ್ಣೆ ಫಿಲ್ಟರ್, ವಿಮಾನದ್ದು. ಆದರೆ ಅದನ್ನು ಕೂರಿಸಿರುವ ಜಾಗ ನೋಡಬೇಕು. ಎಂಜಿನ್ನಿನ ಹಿಂಭಾಗ, ಅತ್ತ ಬೆಂಕಿ ತಡೆಯುವ ಫೈರ್‌ವಾಲ್ ತಗಡು, ಇತ್ತ ಕಿಡಿ ಹೊತ್ತಿಸುವ ಮ್ಯಾಗ್ನೆಟೊ, ನಡುವೆ ನನ್ನ ಮುಂಗೈ. ತುದಿಯಲ್ಲಿ ಒಂದು ಅಂಗುಲದ ನಟ್ಟು. ಸ್ಪ್ಯಾನರ್ ಹಾಕಿದರೆ ನಾಲ್ಕು ಬೆರಳಗಲ ತಿರುಗುವಷ್ಟರಲ್ಲಿ ಏನಾದರೂ ಅಡ್ಡ ಬರುತ್ತದೆ.

ಇವತ್ತು ಅಷ್ಟೂ ತಿರುಗಲಿಲ್ಲ. ಸಡಿಲವಾಗದಂತೆ ಕಟ್ಟುವ ತಂತಿ, ಲಾಕ್‌ವೈರ್, ಕತ್ತರಿಸಿ ಎಳೆದೆ, ಅಲುಗಲಿಲ್ಲ. ಯಾವ ಪುಣ್ಯಾತ್ಮ ಬಿಗಿ ಮಾಡಿದ್ದನೋ! ತೂತು ಹೊಡೆದು ಒಳಗಿನ ಎಣ್ಣೆ ಇಳಿಯಲು ಹತ್ತು ನಿಮಿಷ ಬಿಡೋಣ ಸರ್ ಎಂದೆ, ಕೆಲಸ ಕಲಿಸಿದ ಹಿರಿಯರಿಗೆ. "ನಾಲ್ಕು ಗಂಟೆಗೆ ಹಾರಬೇಕು, ಬಿಚ್ಚು" ಎಂದರು. ಹಿಂದೆ ಹಾರಾಟ ಕಲಿಯುವ ಹುಡುಗರು ಮೂವರು, ಇಸ್ತ್ರಿ ಮಾಡಿದ ಬಿಳಿ ಅಂಗಿಗಳಲ್ಲಿ. ಒಬ್ಬನಂತೂ ನನ್ನ ಭುಜದ ಮೇಲೆಯೇ ಇಣುಕುತ್ತಿದ್ದ. ದೂರ ನಿಲ್ಲಪ್ಪ ಎಂದೆ. ಎಂದೆನೋ, ಎನ್ನಬೇಕೆಂದುಕೊಂಡೆನೋ. ಉಸಿರು ಕಟ್ಟಿ ಎಳೆದೆ. ಸ್ಪ್ಯಾನರ್ ಜಾರಿತು, ಗೆಣ್ಣು ಬ್ರಾಕೆಟ್ಟಿಗೆ ಬಡಿಯಿತು. ಎರಡನೆಯ ಸಲ ಎಳೆದಾಗ ಫಿಲ್ಟರ್ ಒಮ್ಮೆಗೇ ಸಡಿಲವಾಗಿ, ಕೆಳಗೆ ಹಿಡಿಯಲೆಂದು ಅರ್ಧ ಕತ್ತರಿಸಿಟ್ಟಿದ್ದ ಐದು ಲೀಟರಿನ ಕ್ಯಾನು ಉರುಳಿತು. ಕಪ್ಪು ಎಣ್ಣೆ ನನ್ನ ಮೊಣಕೈಯಿಂದ ಇಳಿದು ನೆಲಕ್ಕೆ, ನೆಲದಿಂದ ಸಿಡಿದು ಆ ಹುಡುಗನ ಬಿಳಿ ಅಂಗಿಗೆ.

ಯಾರೂ ಮಾತನಾಡಲಿಲ್ಲ. ಆಗ ಅವರು, ನನ್ನತ್ತ ನೋಡದೆ, ಹುಡುಗರತ್ತ ತಿರುಗಿ ಹೇಳಿದರು: "ಮಂಡ್ಯದವನಲ್ಲವೇ, ಆಲೆಮನೆಯಲ್ಲಿ ಕೊಪ್ಪರಿಗೆ ತಿರುವುವುದಕ್ಕೆ ಸರಿ."

ಹುಡುಗರು ನಕ್ಕರು. ಎಣ್ಣೆ ಬಿದ್ದವನೂ ನಕ್ಕ. ನಾನೂ ನಕ್ಕೆ, ಅದೇ ಈಗ ನುಂಗಲಾಗುತ್ತಿಲ್ಲ. ಬೈದವರ ಮುಂದೆ ಹಲ್ಲು ಕಿರಿದು ಬಟ್ಟೆ ಹುಡುಕಲು ಓಡಿದೆನಲ್ಲ! ಬೈದರೆ ಬೈಯಲಿ, ಹಿರಿಯರು, ಕೆಲಸ ಕಲಿಸಿದವರು, ಬಿಟ್ಟುಬಿಡೋಣ. ಇಲ್ಲ, ಯಾಕೆ ಬಿಡಬೇಕು? ನಮ್ಮಪ್ಪ ಇಪ್ಪತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತವರು. ಕಬ್ಬಿನ ಹಾಲು ಉಕ್ಕುವುದನ್ನು ನೋಡಿಯೇ ಪಾಕ ಎಲ್ಲಿಗೆ ಬಂದಿದೆ ಎಂದು ಹೇಳುತ್ತಿದ್ದರು. ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡಿದರೆ ಮುಗಿಯಿತು, ಬೆಲ್ಲ ಅಚ್ಚಿಗೆ. ಅಲ್ಲಿ ಅಂದಾಜು ಒಂದು ವಿದ್ಯೆ.

ಇಲ್ಲಿ ಅಂದಾಜು ನಡೆಯುವುದಿಲ್ಲ. ಎಷ್ಟು ಬಿಗಿ ಮಾಡಬೇಕು ಎಂಬುದನ್ನು, 16ರಿಂದ 18 ಅಡಿ-ಪೌಂಡ್ ಎಂದು, ಫಿಲ್ಟರಿನ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ.

ಸಂಜೆ ಎಲ್ಲರೂ ಹೋದ ಮೇಲೆ ಆ ಪುಣ್ಯಾತ್ಮ ಯಾರೆಂದು ಹುಡುಕಲು ಕೂತೆ. ಐವತ್ತು ಗಂಟೆ ಹಾರಾಟದ ಹಿಂದೆ ಈ ಫಿಲ್ಟರ್ ಹಾಕಿದಾಗಿನ ಕೆಲಸದ ಕಾರ್ಡು. ಸಹಿ ನನ್ನದು. ಎಂಥ ಸೊಗಸಾದ ಸಹಿ, ಬಾಲಕ್ಕೊಂದು ಸುಳಿ ಬೇರೆ. ಟಾರ್ಕ್, ಅಂದರೆ ಬಿಗಿತ, ಎಂಬ ಚೌಕದಲ್ಲಿ ದುಂಡಗೆ 17 ಎಂದು ಬರೆದಿದ್ದೇನೆ. ಆ 17 ಎಲ್ಲಿಂದ ಬಂತೋ! ಟಾರ್ಕ್ ವ್ರೆಂಚ್ ಆಗಲೇ ಕ್ಯಾಲಿಬ್ರೇಷನ್ನಿಗೆಂದು, ಅಂದರೆ ಅದರ ಅಳತೆ ಸರಿಯಿದೆಯೇ ಎಂದು ನೋಡಲು, ಬೆಂಗಳೂರಿಗೆ ಹೋಗಿತ್ತು. ಭಲೇ, ಇಲ್ಲದ ವ್ರೆಂಚಿನಲ್ಲಿ ಅಳತೆ ಹಿಡಿದ ನನಗೊಂದು ಹಾರ ಹಾಕಿ.

ಆದರೆ ಆ ದಿನ "ಕೈ ಅಂದಾಜಿನಲ್ಲಿ ಬಿಗಿ ಮಾಡು, ಕಾರ್ಡಿನಲ್ಲಿ ನಡುವಿನ ಅಂಕಿ ಹಾಕು" ಎಂದವರು ಯಾರು ಸರ್? ನನ್ನ ಸಹಿಯ ಕೆಳಗೆ ಇರುವುದು ಯಾರ ಸಹಿ? ಸಡಿಲವಾದರೆ ಗತಿಯೇನು ಎಂಬ ಭಯಕ್ಕೆ ನಾನು ಇನ್ನೊಂದು ಸುತ್ತು ಹಾಕಿದೆ, ಒಪ್ಪಿದೆ. ಗ್ಯಾಸ್ಕೆಟ್ಟಿಗೆ, ಅಂದರೆ ಫಿಲ್ಟರಿನ ಬಾಯಿಯ ರಬ್ಬರ್ ಬಳೆಗೆ, ಅಂಟದಿರಲೆಂದು ಸವರುವ ಡಿಸಿ-4 ಎಂಬ ಗ್ರೀಸಿನ ಟ್ಯೂಬನ್ನೂ ತಿಂಗಳ ಕೊನೆಯ ಟೂತ್‌ಪೇಸ್ಟಿನಂತೆ ಹಿಂಡಿ ಸುರುಳಿ ಸುತ್ತಿಟ್ಟಿದ್ದೇವೆ.

ಇನ್ನೊಂದು ಮಾತು, ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಬಿಚ್ಚಿದ ಫಿಲ್ಟರಿನಲ್ಲಿ ಗ್ಯಾಸ್ಕೆಟ್ ಇರಲಿಲ್ಲ. ಫಿಲ್ಟರ್ ಕೂರುವ ಎಂಜಿನ್ ಕಡೆಯ ಅಡಾಪ್ಟರಿಗೇ ಅಂಟಿಕೊಂಡಿತ್ತು. ಟಾರ್ಚ್ ಹಿಡಿದು ನೋಡಿ ಕಿತ್ತವನು ಈ ಕೊಪ್ಪರಿಗೆಯವನೇ. ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರೆ ಎರಡು ಗ್ಯಾಸ್ಕೆಟ್‌ಗಳ ನಡುವಿನಿಂದ ಎಣ್ಣೆಯೆಲ್ಲ ಆಕಾಶದಲ್ಲೇ ಖಾಲಿಯಾಗುತ್ತಿತ್ತು, ಆ ಬಿಳಿ ಅಂಗಿಯವನು ಚಾಮುಂಡಿ ಬೆಟ್ಟ ಎಲ್ಲಿದೆ ಎಂದು ಹುಡುಕುವ ಹೊತ್ತಿಗೆ ಎಣ್ಣೆಯಿಲ್ಲದ ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತಿತ್ತು. ಕಿತ್ತ ಗ್ಯಾಸ್ಕೆಟ್ ತೋರಿಸಿದೆ. "ಹೂಂ, ಬೇಗ ಹಾಕು" ಎಂದರು.

ಯಾವುದರಿಂದ ಹಾಕಲಿ? ಇವತ್ತೂ ಕೈ ಅಂದಾಜೇ. ಈ ಸಲ ಹೆದರಿ ಒಂದಿಷ್ಟು ಕಡಿಮೆಯೇ ಬಿಗಿ ಮಾಡಿದ್ದೇನೆ. ಎಂಜಿನ್ ಓಡಿಸಿ ನೋಡಿದೆವು, ಸೋರಲಿಲ್ಲ. ಲಾಕ್‌ವೈರ್ ಹಾಕಿ ಮೂರು ಸಲ ಎಳೆದು ನೋಡಿದೆ. ನಾಲ್ಕಕ್ಕೆ ಹಾರಿತು. ಇಳಿಯುವವರೆಗೆ ನಾನು ಚಹಾ ಕುಡಿಯಲಿಲ್ಲ.

ನಾಳೆ ಇನ್ನೊಂದು ವಿಮಾನಕ್ಕೆ ಐವತ್ತು ಗಂಟೆ ತುಂಬುತ್ತದೆ, ಅದರ ಫಿಲ್ಟರನ್ನೂ ಬದಲಿಸಬೇಕು. ಇವತ್ತಿನ ಕಾರ್ಡಿನಲ್ಲಿ ಆ ಚೌಕವನ್ನು ಖಾಲಿ ಬಿಟ್ಟು ಬಂದಿದ್ದೇನೆ. ಬೆಳಿಗ್ಗೆ ಕೇಳುತ್ತಾರೆ. ಏನು ಬರೆಯಲಿ? ಯಾರಾದರೂ ಹೇಳಿ, 17 ಅಂತ ಮಾತ್ರ ಹೇಳಬೇಡಿ.